ಮೂವತ್ತೇಳನೆಯ ಕೆಮ್ಮು

ನಮ್ಮೂರಲ್ಲಿ ಕೆಮ್ಮನ್ನು ಯಾರೂ ಕಾಯಿಲೆ ಎಂದುಕೊಂಡವರಲ್ಲ. ಅದು ಮನುಷ್ಯರ ಗುರುತು. ವರದಾ ನದಿಯ ಈಚೆಗಿರುವ ನಮ್ಮದು ಮೆಣಸಿನಕಾಯಿ ಪೇಟೆ. ಸುಗ್ಗಿಯ ನಾಲ್ಕು ತಿಂಗಳು ಊರಿನ ಗಾಳಿಯಲ್ಲೇ ಘಾಟು ಬೆರೆತಿರುತ್ತದೆ. ಬಸ್ಸಿಳಿದ ಹೊಸಬರು ಮೊದಲು ಸೀನುತ್ತಾರೆ, ಆಮೇಲೆ ವಿಳಾಸ ಕೇಳುತ್ತಾರೆ. ದಲಾಲರ ಅಡತಿ ಅಂಗಡಿಗಳ ಅಂಗಳದಲ್ಲಿ ಸಾಲುಸಾಲಾಗಿ ಕೂತು ಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಸಂಜೆ ಓಣಿಗೆ ಮರಳುವಾಗ, ಯಾರ ತಾಯಿ ಬಂದಳು ಎಂಬುದನ್ನು ಮಕ್ಕಳು ಕಣ್ಣಿಂದಲ್ಲ, ಕಿವಿಯಿಂದ ತಿಳಿಯುತ್ತಿದ್ದರು.

ನಮ್ಮವ್ವ ಫಕೀರವ್ವನ ಕೆಮ್ಮು ಎರಡು ಗಿಡ್ಡ, ಒಂದು ಉದ್ದ. ಉದ್ದನೆಯದರ ಕೊನೆಗೆ ಒಂದು ಸಣ್ಣ ‘ಹೂಂ’. ಅದು ಕೇಳಿದ ಕೂಡಲೇ ನಾನು ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಾಗಿಲಿಗೆ ಹೋಗಬೇಕು. ಬುದ್ಧಿ ಬಂದಾಗಿನಿಂದ ಹಾಗೆ ಮಾಡಿದ್ದೇನೆ. ಅವ್ವ ತಂಬಿಗೆ ಇಸಿದುಕೊಂಡು ಗಟಗಟ ಕುಡಿದು, ಉಳಿದದ್ದನ್ನು ಮುಖಕ್ಕೆ ಹೊಡೆದುಕೊಂಡು, ಆಮೇಲೆ ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು. ಅಲ್ಲಿಯವರೆಗೆ ಮಾತಿಲ್ಲ.

ಈ ಕೆಮ್ಮೇ ನಿಂತುಹೋದರೆ ಏನಾದೀತು ಎಂದು ಮೊದಲು ಕೇಳಿದವರು ಡಾಕ್ಟರ್ ಸುನಂದಾ ಹೊರಕೇರಿ. ಧಾರವಾಡದ ಹೊರಗೆ ಅವರದೊಂದು ಪ್ರಯೋಗಾಲಯವಿತ್ತು. ಬಿಎಸ್ಸಿ ಮುಗಿಸಿದ ನಾನು ಅಲ್ಲಿ ಸೇರಿಕೊಂಡೆ. ಹುದ್ದೆಯ ಹೆಸರು ಕ್ಷೇತ್ರ ಸಹಾಯಕಿ, ಮಾಡುವ ಕೆಲಸ ಕೆಮ್ಮು ಎಣಿಸುವುದು. ‘ಕೆಮ್ಮಿಗೂ ಒಂದ ನೌಕರಿ ಇರತೈತೇನವಾ?’ ಎಂದು ಓಣಿಯೇ ನಕ್ಕಿತ್ತು.

ಸೇರಿದ ಮೊದಲ ವಾರ ಹೊರಕೇರಿಯವರು ನನ್ನನ್ನು ಒಂದು ಗಾಜಿನ ಕೊಳವೆಯ ಮುಂದೆ ನಿಲ್ಲಿಸಿದರು. ಬೆಚ್ಚನೆಯ ಉಪ್ಪುನೀರಿನಲ್ಲಿ ಬಳೆಯಾಕಾರದ ಒಂದು ಸಣ್ಣ ತುಣುಕು ತೂಗಾಡುತ್ತಿತ್ತು. ಗಿನಿಯಿಲಿಯ ಶ್ವಾಸನಾಳದ ತುಂಡು, ಅದರ ನರವೂ ಜೊತೆಗೇ. ತುಂಡಿಗೆ ಕಟ್ಟಿದ ದಾರ ಒಂದು ಮುಳ್ಳನ್ನು ಅಲುಗಿಸುತ್ತಿತ್ತು, ಪರದೆಯ ಮೇಲೆ ಗೆರೆ ಹರಿಯುತ್ತಿತ್ತು. ಅವರು ಮೆಣಸಿನಕಾಯಿಯ ಸತ್ವದ ಒಂದು ಹನಿ ಬಿಟ್ಟರು. ಬಳೆ ಬಿಗಿಯಿತು, ಗೆರೆ ಮೇಲೇರಿತು.

‘ನೋಡ್ರಿ ಕಸ್ತೂರಿ, ಘಾಟು ಮೊದಲು ನರದ ತುದಿಗೆ ಹೊಡೀತದ. ನರ ಸ್ನಾಯುವಿಗೆ ಬಿಗಿ ಅಂತದ, ಗಂಟಲಿಗೆ ಕೆಮ್ಮು ಅಂತದ. ಆದ್ರ ಅದೇ ನರದ ಮೇಲೆ ಇನ್ನೊಂದು ಬಾಗಿಲೂ ಅದ. ಗಾಂಜಾ ಗಿಡದೊಳಗಿನ ಕ್ಯಾನಬಿನಾಯ್ಡ್ ಅನ್ನೋ ವಸ್ತು ಆ ಬಾಗಿಲು ತಗೀತದ. ಮಜಾ ಅಂದ್ರ ನಮ್ಮ ದೇಹವೂ ಅಂಥದ್ದನ್ನ ತಾನೇ ತಯಾರು ಮಾಡ್ಕೋತದ, ಒಂದು ಚೂರು. ಆ ಬಾಗಿಲು ತಗೀತಂದ್ರ ನರ ಸುಮ್ಮನಾಗ್ತದ.’

ಅವರು ಆ ವಸ್ತುವಿನ ಒಂದು ಹನಿ ಬಿಟ್ಟರು. ಏರಿದ್ದ ಗೆರೆ ಇಳಿಯಿತು, ಅಳುವ ಕೂಸನ್ನು ಎತ್ತಿಕೊಂಡಾಗ ಅಳು ಇಳಿಯುವ ಹಾಗೆ.

ಆಮೇಲೆ ಅವರು ತೋರಿಸಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಹೊಸ ತುಂಡೊಂದನ್ನು ಕಟ್ಟಿ, ಮೊದಲೇ ಅದರ ನರದ ಆಜ್ಞೆಯನ್ನು ಒಂದು ಔಷಧದಿಂದ ತಡೆದರು. ಸ್ನಾಯು ಸಡಿಲವಾಗಿ ನಿಂತಿತು. ಈಗ ಅದೇ ಹನಿ ಬಿಟ್ಟರು. ಗೆರೆ ಇಳಿಯಲಿಲ್ಲ. ಮೆಲ್ಲಗೆ, ಒಂಚೂರೂ ಅಲುಗಾಡದೆ, ಮೇಲಕ್ಕೆ ಹೊರಟಿತು.

‘ಇದರ ಇನ್ನೊಂದು ಮುಖ’ ಎಂದರು ಹೊರಕೇರಿ. ‘ಬಿಗಿದಿದ್ದನ್ನ ಸಡಿಲಿಸ್ತದ. ಮೊದಲ ಸಡಿಲಾಗಿ ಕೂತಿದ್ದನ್ನ ಬಿಗೀತದ. ಆಸ್ಪತ್ರೆಯೊಳಗ ದಮ್ಮಿನವರಿಗೆ ಕೊಡೋ ಬೂದು ಬಣ್ಣದ ಪಂಪು ಅದ ಅಲ್ಲ, ಅದು ನರದ ಆಜ್ಞೆ ತಡೀತದ. ಅದನ್ನ ತಗೊಳ್ಳೋರಿಗೆ ನಮ್ಮ ಔಷಧ ಕೊಡಬಾರದು. ಔಷಧ ಬೇಕನ್ನೋರು ತುಂಬೋ ಅರ್ಜಿಯೊಳಗ ಒಂಬತ್ತನೇ ಪ್ರಶ್ನೆ ಅದಕ್ಕ ಇಟ್ಟೀನಿ.’

ವಸ್ತುವನ್ನು ಮಿದುಳಿಗೆ ದಾಟದ ಹಾಗೆ ತಿದ್ದಲಾಗಿತ್ತು, ಹಾಗಾಗಿ ನಶೆ ಇರಲಿಲ್ಲ. ಅದನ್ನು ತುಂಬಿದ ಸಾಧನ ಹೆಬ್ಬೆರಳಷ್ಟು ಉದ್ದ, ಕೊರಳಿಗೆ ದಾರದಿಂದ ತೂಗುಹಾಕುವಂಥದ್ದು. ಜಾತ್ರೆಯ ಆಟಿಕೆಯಂತಿದ್ದ ಅದನ್ನು ಹೆಂಗಸರು ‘ಪೀಪಿ’ ಎಂದರು, ಆ ಹೆಸರೇ ನಿಂತಿತು. ಪೀಪಿಗೆ ಕಿವಿಯಿತ್ತು. ತೊಟ್ಟವಳ ಕೆಮ್ಮು ಕೇಳಿಸಿದರೆ ಮಾತ್ರ ಅದರ ಬಾಯಿ ತೆರೆಯುತ್ತಿತ್ತು, ಮೂರು ಉಸಿರು ಎಳೆಯುವಷ್ಟು ಹೊತ್ತು ತೆರೆದೇ ಇರುತ್ತಿತ್ತು. ಕೆಮ್ಮು ಎಂದರೆ ಏನೆಂದು ಅದಕ್ಕೆ ಕಲಿಸಲು ನಾನು ನಮ್ಮ ಪೇಟೆಯಲ್ಲೇ ನಾನೂರು ಕೆಮ್ಮುಗಳನ್ನು ಧ್ವನಿಮುದ್ರಿಸಿಕೊಂಡಿದ್ದೆ. ಮೂವತ್ತೇಳನೆಯದು ಅವ್ವನದು.

‘ಗಾಂಜಾ ಅಂತೀ, ನಶೆ ಏರಂಗಿಲ್ಲಂತೀ. ಮತ್ಯಾತಕ್ಕ ಬಂತವಾ ಇದು?’ ಎಂದು ಮಾಬೂಬಿ ಚಿಗವ್ವ ಪೀಪಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೂವತ್ತು ವರ್ಷದಿಂದ ಅವ್ವನ ಮಗ್ಗುಲಲ್ಲೇ ಕೂತು ತೊಟ್ಟು ಬಿಡಿಸಿದವಳು ಅವಳು. ನಮಗೆ ಸ್ವಂತ ಚಿಗವ್ವ ಇರಲಿಲ್ಲ, ಇದ್ದಿದ್ದರೂ ಅಷ್ಟು ಬೈಯುತ್ತಿರಲಿಲ್ಲ.

ಅರ್ಜಿ ತುಂಬುವ ದಿನ ಅವ್ವ ನನ್ನನ್ನು ಒಳಮನೆಗೆ ಕರೆದಳು. ಗೋಡೆಗೆ ಒತ್ತಿ ಒಂದರ ಮೇಲೊಂದು ಇಟ್ಟ ಅಡಕಲ ಗಡಿಗೆಗಳ ಮೂರನೆಯದರಲ್ಲಿ, ಜೋಳದೊಳಗೆ ಕೈ ಹಾಕಿ ಬೂದು ಬಣ್ಣದ ಪಂಪು ತೆಗೆದಳು. ಎರಡು ವರ್ಷದಿಂದ ದಿನಾ ಮುಂಜಾನೆ ಬಾಗಿಲು ಹಾಕಿಕೊಂಡು ಅದನ್ನು ಎಳೆದುಕೊಳ್ಳುತ್ತಿದ್ದಳು. ಅದು ನನಗೊಬ್ಬಳಿಗೆ ಗೊತ್ತಿತ್ತು.

‘ಅವ್ವಾ, ನಿನಗ ಪೀಪಿ ಕೊಡಾಕ ಬರಂಗಿಲ್ಲ’ ಎಂದೆ.

‘ಬ್ಯಾಡೇಳು. ಆದ್ರ ಯಾಕ ಕೊಡಲಿಲ್ಲ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ. ಶೈಲಾಗ ವರ ನೋಡಾಕತ್ತೇವಿ. ದಮ್ಮಿನ ಮನಿ ಅಂದ್ರ ಹೊಸ್ತಿಲಾ ತುಳಿಯಂಗಿಲ್ಲ ಅವರು. ನನ್ನ ಮ್ಯಾಲ ಆಣಿ ಮಾಡು.’

ಶೈಲಾ ನನ್ನ ತಂಗಿ. ನಾನು ಆಣೆ ಮಾಡಿದೆ. ಪೀಪಿಯ ಹನಿ ತಾಗಿದರೆ ನಿನ್ನ ಉಸಿರು ಬಿಗಿದೀತು ಎಂದು ಅವ್ವನಿಗೂ ಬಿಡಿಸಿ ಹೇಳಲಿಲ್ಲ. ಹೆದರಿಸುವುದು ಯಾಕೆ ಎಂದುಕೊಂಡೆ. ನಿನಗೆ ಬೇಡ ಎಂದಷ್ಟೇ ಹೇಳಿ ಸುಮ್ಮನಾದೆ, ಅವಳು ಅದನ್ನು ಸರ್ಕಾರಿ ಕಚೇರಿಯ ಕಟ್ಟಳೆಗಳಲ್ಲಿ ಒಂದು ಎಂದು ತಿಳಿದಳು. ಪೇಟೆಯಲ್ಲಿ ನಾನು ಹೇಳಿದ ಕಾರಣ ಬೇರೆ. ನೌಕರರ ಮನೆಯವರಿಗೆ ಕೊಡುವುದಿಲ್ಲ ಅಂದೆ. ಎಲ್ಲರೂ ನಂಬಿದರು.

ಒಂದೇ ತಿಂಗಳಲ್ಲಿ ಪೇಟೆಯ ಅಂಗಳ ಗುರುತು ಸಿಗದಂತಾಯಿತು. ಮೊದಲು ಅಲ್ಲಿ ಮಾತೇ ಇರಲಿಲ್ಲ, ಬಾಯಿಗೆ ಸೀರೆಯ ಸೆರಗು ಕಟ್ಟಿಕೊಂಡು ಕೆಮ್ಮುತ್ತ ಕೂರುವುದಷ್ಟೇ. ಈಗ ಸೆರಗು ಬಿಚ್ಚಿದರು. ಹರಟೆ, ನಗು, ಮದುವೆ ಹಾಡು, ಬೀಸುವ ಹಾಡು ಎಲ್ಲ ಬಂದವು. ಹೊರಕೇರಿಯವರು ಬಂದು ನೋಡಿ ಕಣ್ಣೊರೆಸಿಕೊಂಡರು. ನನಗೂ ಹೆಮ್ಮೆಯಿಂದ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ನಮ್ಮ ಲೆಕ್ಕಕ್ಕೆ ಸಿಗದ ಒಂದು ರೂಢಿ ಆ ಅಂಗಳದಲ್ಲಿತ್ತು. ಅಲ್ಲಿ ಒಬ್ಬಳು ಎಲೆಚೀಲ ಬಿಚ್ಚಿದರೆ ಮಗ್ಗುಲಿನವಳಿಗೆ ಎಲೆ ಅಡಿಕೆ ಕೊಡದೆ ತಾನೊಬ್ಬಳೇ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಕೊಟ್ಟದ್ದನ್ನು ಬೇಡ ಎನ್ನುವುದೂ ಇಲ್ಲ, ಬೇಡ ಎಂದರೆ ಮುನಿಸು ಇದೆ ಎಂದೇ ಅರ್ಥ. ಪೀಪಿ ಎಲೆಚೀಲದ ಜಾಗಕ್ಕೆ ಬಂದು ಕೂತಿತು. ಒಂದು ಉಸಿರು ತಾನೆಳೆದು, ಬಾಯಿ ಮುಚ್ಚುವುದರೊಳಗೆ ಮಗ್ಗುಲಿನವಳಿಗೆ ದಾಟಿಸುವುದು. ಬೀಗ, ಕಿವಿ, ನಾನೂರು ಕೆಮ್ಮು ಎಲ್ಲವನ್ನೂ ಹೊಂದಿಸಿದ ನಾವು, ಹೆಂಗಸರು ಹಂಚಿಕೊಂಡು ತಿನ್ನುತ್ತಾರೆ ಎಂಬುದನ್ನು ಮರೆತಿದ್ದೆವು. ನಾನು ಅದೇ ಅಂಗಳದಲ್ಲಿ ಬೆಳೆದವಳು. ನಾನೂ ಮರೆತಿದ್ದೆ.

ಶೈಲಾಳ ಸಂಬಂಧ ಗಟ್ಟಿಯಾಯಿತು ಎಂದು ಫೋನು ಬಂದದ್ದು ಒಂದು ಗುರುವಾರ ಮಧ್ಯಾಹ್ನ, ಬುತ್ತಿ ಉಂಡು ಎಲ್ಲರೂ ಮತ್ತೆ ಕೂತಾಗ. ಅವ್ವ ಅದನ್ನು ಸಾಲಿಗೆಲ್ಲ ಹೇಳಿದಳು. ಅವತ್ತು ಕಾಯಿಗೆ ನೀರು ಚಿಮುಕಿಸಿದ್ದರು, ಘಾಟು ಅಷ್ಟಿರಲಿಲ್ಲ. ಮಾಬೂಬಿ ಚಿಗವ್ವ ಬೇಕೆಂದೇ ಒಂದು ಕೆಮ್ಮು ಕೆಮ್ಮಿ ಪೀಪಿಯ ಬಾಯಿ ತೆಗೆಸಿ, ‘ಬಾಯಿ ಸಿಹಿ ಮಾಡಾಕ ಸಕ್ಕರಿ ಇಲ್ಲ ಫಕೀರಕ್ಕ, ಇದನ್ನರ ಎಳಿ’ ಎಂದು ಮುಂದೆ ಹಿಡಿದಳು. ಅವ್ವ ಎಳೆದಳು. ಆಮೇಲೆ ಎದುರಿನ ಕಲ್ಲವ್ವ ತನ್ನದು ಕೊಟ್ಟಳು. ಅವಳ ಮಗ್ಗುಲಿನ ಇಬ್ಬರು ಬಿಡುತ್ತಾರೆಯೇ? ಮಗಳು ನೌಕರಿಯಲ್ಲಿದ್ದರೂ ತಾಯಿಗೊಂದು ಪೀಪಿ ಇಲ್ಲ ಎಂಬ ಮರುಕವೂ ಅವರಿಗಿತ್ತು. ನಾಲ್ಕು ಜನ, ನಾಲ್ಕು ಉಸಿರು.

ಆಮೇಲೆ ಯಾರೋ ಬೀಗರ ಹಾಡು ಶುರುಮಾಡಿದರು. ಅಂಗಳವೆಲ್ಲ ದನಿಗೂಡಿಸಿತು. ಅವ್ವ ಚೀಲಕ್ಕೆ ಒರಗಿದಳು. ಖುಷಿಗೆ ಕಣ್ಣು ಮುಚ್ಚಿದ್ದಾಳೆ ಅಂದುಕೊಂಡರು. ಅರವತ್ತು ಹೆಂಗಸರ ನಡುವೆ ಅವಳ ಎದೆಯೊಳಗಿನ ಬಳೆ ಮೆಲ್ಲಗೆ ಬಿಗಿಯುತ್ತಿತ್ತು, ಕೂಗಿ ಹೇಳಬೇಕಾದ ಕೆಮ್ಮನ್ನು ನಾವು ಮೊದಲೇ ಮಲಗಿಸಿದ್ದೆವು. ಹಾಡು ಮುಗಿದಾಗ ಅವಳ ಬೆರಳುಗಳ ನಡುವೆ ಒಂದು ಕಾಯಿ ಇತ್ತಂತೆ, ತೊಟ್ಟು ಬಿಡಿಸದೆ ಇದ್ದದ್ದು.

ಆಸ್ಪತ್ರೆಯ ಡಾಕ್ಟರು ಹೃದಯ ನಿಂತಿದೆ ಎಂದು ಬರೆದರು. ಮಣ್ಣು ಮಾಡಿ ಬಂದೆವು.

ನಾಲ್ಕು ಉಸಿರಿನ ಕಥೆಯನ್ನು ನನಗೆ ಹೇಳಿದವಳು ಮಾಬೂಬಿ ಚಿಗವ್ವನೇ, ಮಣ್ಣು ಮಾಡಿದ ಮೂರನೆಯ ದಿನ, ಅಳುತ್ತ ಅಳುತ್ತ. ‘ಖುಷಿಯೊಳಗ ಹೋದಳು ನೋಡವಾ. ನಾ ಕೊಟ್ಟಿದ್ದ ಎಳಕೊಂಡು, ನಕ್ಕೋತ ಹೋದಳು.’ ಕೇಳುತ್ತ ಕೂತ ನನ್ನ ಕಣ್ಣ ಮುಂದೆ ಪ್ರಯೋಗಾಲಯದ ಆ ಗೆರೆ ಮೇಲಕ್ಕೆ ಹೊರಟಿತು. ನಾನು ಏನೂ ಹೇಳಲಿಲ್ಲ. ಹೇಳಿದರೆ ಚಿಗವ್ವನಿಗೆ ಏನು ಉಳಿಯುತ್ತದೆ? ಆಣೆಯೊಂದು ನೆಪ ಆಯಿತು, ತಂಗಿಯ ಮದುವೆ ಇನ್ನೊಂದು ನೆಪ.

ಪ್ರಯೋಗಾಲಯಕ್ಕೆ ಮರಳಿದೆ. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮೂವತ್ತೇಳನೆಯ ಕೆಮ್ಮು ಕೇಳುವುದು ನನಗೆ ಚಟವಾಯಿತು. ಎರಡು ಗಿಡ್ಡ, ಒಂದು ಉದ್ದ, ಹೂಂ. ಪ್ರತಿ ಸಲವೂ ನನ್ನ ಕೈ ಮೇಜಿನ ಮೇಲೆ ತಂಬಿಗೆ ಹುಡುಕುತ್ತಿತ್ತು. ಊರಿನ ಪ್ರತಿಯೊಂದು ಪೀಪಿಯೊಳಗೂ ಆ ಕೆಮ್ಮು ಇದೆ, ಎದ್ದ ಪ್ರತಿ ಕೆಮ್ಮನ್ನೂ ಅದು ಅವ್ವನ ಕೆಮ್ಮಿಗೆ ಹೋಲಿಸಿ ನೋಡುತ್ತದೆ ಎಂಬುದು ನೆನಪಾದಾಗ ಮತ್ತೊಮ್ಮೆ ಮೊದಲಿಂದ ಕೇಳುತ್ತಿದ್ದೆ. ಊರಿಗೆ ಹೋದರೆ ಇನ್ನೂ ಕಷ್ಟ. ಸಂಜೆ ಓಣಿಯಲ್ಲಿ ಹೆಂಗಸರು ಬರುತ್ತಿದ್ದರು, ಸದ್ದಿಲ್ಲದೆ. ಯಾರು ಬಂದರು ಎಂದು ಬಾಗಿಲು ತೆರೆದು ನೋಡಬೇಕಿತ್ತು. ಪ್ರತಿ ಸಲ ಬಾಗಿಲು ತೆರೆದಾಗಲೂ ಅವ್ವ ಇರಲಿಲ್ಲ.

ನಲವತ್ತನೆಯ ದಿನ ಮಾಬೂಬಿ ಚಿಗವ್ವ ತನ್ನ ಮನೆಯಲ್ಲಿ ಅವ್ವನ ಹೆಸರಲ್ಲಿ ಫಾತಿಹಾ ಪ್ರಾರ್ಥನೆ ಓದಿಸಿದಳು. ನಮ್ಮ ಕಡೆ ಯಾರೂ ಬೇಡ ಎನ್ನಲಿಲ್ಲ. ನಾನು ಅಡುಗೆಮನೆಗೆ ಸಕ್ಕರೆ ತರಲು ಹೋದೆ. ಡಬ್ಬಿಗಳ ಹಿಂದೆ ಕೈ ಹಾಕಿದಾಗ ಸಿಕ್ಕಿದ್ದು ಬೂದು ಬಣ್ಣದ ಪಂಪು.

ಚಿಗವ್ವ ಬಾಗಿಲಲ್ಲಿ ನಿಂತಿದ್ದಳು.

‘ಯಾರ ಮುಂದೂ ಅನಬ್ಯಾಡವಾ’ ಎಂದಳು ಮೆಲ್ಲಗೆ. ‘ಎರಡ ತಿಂಗಳಾತು ಆಸ್ಪತ್ರಿಯೊಳಗ ಕೊಟ್ಟು. ದಮ್ಮು ಅಂದ್ರ ಅಡತಿಯವರು ಕೆಲಸದಿಂದ ತಗೀತಾರ. ನಿಮ್ಮವ್ವಗೂ ಹೇಳಿರಲಿಲ್ಲ ನಾ. ಒಂದ ಗುಟ್ಟು ಆಕಿ ಮುಂದ ಮುಚ್ಚಿಟ್ಟಿದ್ದು ಇದಾ.’

ಮೂವತ್ತು ವರ್ಷ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದರು. ಅವಳ ಕೊರಳಲ್ಲಿ ಪೀಪಿ ತೂಗುತ್ತಿತ್ತು. ಘಾಟಿಗೆ ಎದೆ ಬಿಗಿದಾಗಷ್ಟೇ ಒಂದೊಂದು ಉಸಿರು ಎಳೆದಿದ್ದರಿಂದ ಇಷ್ಟು ದಿನ ಉಳಿದಿದ್ದಳು. ಬರುವ ಸೋಮವಾರ ಇನ್ನೂ ನಾಲ್ಕು ಪೇಟೆಗಳಿಗೆ ಪೀಪಿ ಹೋಗುವುದಿತ್ತು. ನಾನು ಸುಮ್ಮನಿದ್ದರೆ ಚಿಗವ್ವ ಯಾವುದೋ ಒಂದು ಮಧ್ಯಾಹ್ನ ಚೀಲಕ್ಕೆ ಒರಗುತ್ತಾಳೆ. ಹೇಳಿದರೆ, ಮೊದಲ ಉಸಿರು ಕೊಟ್ಟ ಕೈ ತನ್ನದೇ ಎಂಬುದನ್ನು ಹೊತ್ತು ಬದುಕುತ್ತಾಳೆ. ಎರಡರಲ್ಲಿ ಯಾವುದು ಕಡಿಮೆ ಪಾಪ ಎಂದು ನನಗೆ ಇವತ್ತಿಗೂ ತಿಳಿಯದು. ಆ ಹೊತ್ತಿಗೆ ನನಗೆ ಅವಳು ಬದುಕಿರಬೇಕಿತ್ತು, ಅಷ್ಟೇ.

ಅವಳ ಕೊರಳಿನ ದಾರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಎಲ್ಲವನ್ನೂ ಹೇಳಿದೆ. ಗಾಜಿನ ಕೊಳವೆ, ಗೆರೆ, ಜೋಳದ ಗಡಿಗೆ, ಆಣೆ, ನನ್ನ ಸುಳ್ಳು. ಚಿಗವ್ವ ನೆಲದ ಮೇಲೆ ಕೂತಳು. ಒಳಗೆ ಜನ ಊಟಕ್ಕೆ ಕೂತಿದ್ದರು. ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು.

‘ಮೊದಲ ನಾನಾ ಕೊಟ್ಟೆ’ ಎಂದಳು. ‘ಮೊದಲ ನಂದಾ.’

‘ತಪ್ಪು ನಂದು ಚಿಗವ್ವಾ. ನನಗ ಗೊತ್ತಿತ್ತು. ನಿನಗ ಗೊತ್ತಿರಲಿಲ್ಲ.’

‘ಹೌದು, ನಿಂದಾ ತಪ್ಪು’ ಎಂದಳು. ಆಮೇಲೆ ನನ್ನ ತಲೆಯನ್ನು ಎಳೆದು ತನ್ನ ಎದೆಗೆ ಒತ್ತಿಕೊಂಡಳು. ಎದೆಯೊಳಗೆ ಸಿಳ್ಳೆಯಂಥ ಸದ್ದು ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಪೇಟೆಯ ಅಂಗಳದ ನಟ್ಟನಡುವೆ ನಿಂತು, ಅರವತ್ತು ಜನರ ಕಣ್ಣೆದುರು ಬೂದು ಪಂಪು ಬಾಯಿಗಿಟ್ಟು ಎಳೆದುಕೊಂಡಳು. ‘ನನಗ ದಮ್ಮು ಐತಿ. ಫಕೀರಕ್ಕಗೂ ಇತ್ತು. ಇದು ತಗೊಳ್ಳೋರು ಪೀಪಿ ಮುಟ್ಟಿದ್ರ ಸಾಯ್ತೀರಿ. ಆಕಿ ಸತ್ತಿದ್ದು ಹಂಗ. ಇನ್ನ ಯಾರ ಯಾರ ಗಡಗಿಯೊಳಗ ಐತಿ, ಹೇಳ್ರಬೇ.’

ಸಾಲಿನ ತುದಿಯಲ್ಲಿ ಒಂದು ಕೈ ಎದ್ದಿತು. ಮತ್ತೊಂದು. ಹನ್ನೊಂದು ಕೈಗಳನ್ನು ನಾನು ಎಣಿಸಿದೆ. ಅಷ್ಟೂ ಅರ್ಜಿಗಳ ಒಂಬತ್ತನೇ ಪ್ರಶ್ನೆಗೆ ನಾನೇ ‘ಇಲ್ಲ’ ಎಂದು ತುಂಬಿದ್ದೆ, ಅವರು ಹೇಳಿದ ಹಾಗೆ. ಕಲ್ಲವ್ವ ಮಾತ್ರ, ‘ನನಗೇನಾಗೇತಿ, ಗಟ್ಟಿಮುಟ್ಟಾಗೇನಿ’ ಎಂದು ಮುಖ ತಿರುಗಿಸಿ ಕಾಯಿಯ ರಾಶಿಗೆ ಕೈ ಹಾಕಿದಳು.

ಹೊರಕೇರಿಯವರ ಮುಂದೆ ನಾನು ರಾಜೀನಾಮೆ ಇಟ್ಟಾಗ ಅವರು ಅದನ್ನು ಓದಲೂ ಇಲ್ಲ. ಸೋಮವಾರದ ಕೆಲಸ ನಿಂತಿತು. ಮೂರನೆಯ ದಿನ ನನ್ನನ್ನು ಕರೆದು, ‘ಪ್ರಶ್ನೆ ಕೇಳಿದ್ರ ಜನ ಖರೇ ಹೇಳ್ತಾರ ಅಂತ ತಿಳ್ಕೊಂಡಿದ್ದೆ. ಹುಚ್ಚಿ ನಾನು’ ಎಂದರು. ‘ಇನ್ನೂ ಯಾರರ ಮುಚ್ಚಿಡ್ತಾರ. ಪೀಪಿನೇ ಕಂಡು ಹಿಡೀಬೇಕು.’

ಹೊಸ ಪೀಪಿ ತೊಟ್ಟವಳ ತುಟಿಗೆ ಮಾತ್ರ ತೆರೆಯುತ್ತಿತ್ತು. ಕೆಮ್ಮನ್ನಷ್ಟೇ ಅಲ್ಲ, ಉಸಿರನ್ನೂ ಆಲಿಸುತ್ತಿತ್ತು. ಕೆಮ್ಮಿಲ್ಲದೆ ಉಸಿರು ಬಿಗಿಯತೊಡಗಿದರೆ ಕೂಗುತ್ತಿತ್ತು. ಕೂಗುವುದು ಹೇಗೆ ಎಂಬುದೇ ತೊಡಕಾಯಿತು. ಗಂಟೆ ಇಟ್ಟೆವು, ಸೈರನ್ನು ಇಟ್ಟೆವು. ಹರಾಜಿನ ಕೂಗು, ತಕ್ಕಡಿಯವರ ಕೂಗು, ಮೊಬೈಲುಗಳ ಗದ್ದಲದಲ್ಲಿ ಯಾರೂ ತಿರುಗಿ ನೋಡಲಿಲ್ಲ.

‘ಈ ಹೆಂಗಸರು ಯಾವ ಸದ್ದಿಗೆ ತಲಿ ಎತ್ತತಾರ್ರಿ?’ ಎಂದು ಹೊರಕೇರಿ ಕೇಳಿದರು.

ನನಗೆ ಉತ್ತರ ಗೊತ್ತಿತ್ತು. ಆ ಅಂಗಳದಲ್ಲಿ ಎಲ್ಲರಿಗೂ ಗುರುತಿದ್ದು ಈಗ ಕೇಳಿಸದ ಸದ್ದು ಒಂದೇ. ಕಡತ ತೆರೆದು ಮೂವತ್ತೇಳನೆಯದನ್ನು ಅವರಿಗೆ ಕೇಳಿಸಿದೆ. ಅದು ಅವ್ವನದೆಂದು ನನ್ನ ಮುಖ ನೋಡಿಯೇ ತಿಳಿದುಕೊಂಡರು.

ಶೈಲಾಳ ಬೀಗರು ಸುದ್ದಿ ಕೇಳಿ ಒಂದು ತಿಂಗಳು ಈ ಕಡೆ ಸುಳಿಯಲಿಲ್ಲ. ಆಮೇಲೆ ವರನ ತಾಯಿಯೇ ಬಂದು, ತನ್ನ ಮನೆಯಲ್ಲೂ ಒಂದು ಬೂದು ಪಂಪು ಇದೆ ಎಂದು ಶೈಲಾಳ ಕಿವಿಯಲ್ಲಿ ಹೇಳಿದಳು. ಮದುವೆಯಾಯಿತು. ಅವ್ವ ಮುಚ್ಚಿಟ್ಟದ್ದು ಯಾರಿಂದ, ಯಾತಕ್ಕೆ?

ಮುಂದಿನ ಸುಗ್ಗಿಯಲ್ಲಿ ಹೊಸ ಪೀಪಿಗಳನ್ನು ನಾನೇ ಹಂಚಿದೆ. ಉಸಿರು ಬಿಗಿದರೆ ಅದು ಯಾರ ಕೆಮ್ಮಿನಲ್ಲಿ ಕೂಗುತ್ತದೆ ಎಂದು ಹೇಳಿದ್ದೆ, ಕೇಳಿಸಿರಲಿಲ್ಲ. ಕೇಳುವುದು ಯಾರಿಗೂ ಬೇಕಿರಲಿಲ್ಲ. ದಮ್ಮಿನವರು ಅಷ್ಟು ಜನ ಎಂದಾದ ಮೇಲೆ ಎಲ್ಲರನ್ನೂ ಒಟ್ಟಿಗೆ ತೆಗೆಯಲು ಅಡತಿಯವರಿಗೆ ಆಗಿರಲಿಲ್ಲ. ಚಿಗವ್ವ ಪೀಪಿ ತೊಡಲಿಲ್ಲ. ಮತ್ತೆ ಸೆರಗು ಕಟ್ಟಿಕೊಂಡು, ಕೆಮ್ಮುತ್ತ, ಬೈಯುತ್ತ ತನ್ನ ಜಾಗದಲ್ಲೇ ಕೂತಳು. ಮಗ್ಗುಲಿನ ಜಾಗ ಖಾಲಿ ಇತ್ತು. ಅಲ್ಲಿ ಯಾರನ್ನೂ ಕೂರಿಸಲು ಅವಳು ಬಿಡುತ್ತಿರಲಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ ನಾನು ಅಂಗಳದ ಮೂಲೆಯ ನೀರಿನ ಹರವಿಯ ಹತ್ತಿರ ನಿಂತು ಪಟ್ಟಿ ಬರೆಯುತ್ತಿದ್ದೆ. ಹೆಂಗಸರು ಹಾಡುತ್ತಿದ್ದರು.

ಅವ್ವ ಕೆಮ್ಮಿದಳು.

ಎರಡು ಗಿಡ್ಡ. ಒಂದು ಉದ್ದ. ಹೂಂ.

ಹಾಡು ಕಡಿದುಹೋಯಿತು. ಅರವತ್ತು ಜನರ ಕೈಗಳು ಕಾಯಿಯ ಮೇಲೆಯೇ ನಿಂತವು. ಮತ್ತೆ ಕೆಮ್ಮಿದಳು, ಇನ್ನೂ ಜೋರಾಗಿ. ಚಿಗವ್ವ ಸೆರಗು ಕಿತ್ತೆಸೆದು ಎದ್ದಳು.

‘ಫಕೀರಕ್ಕಾ! ಬಂದೆ ತಡಿಯೇ!’

ಅವಳು ಸಾಲು ತುಳಿದುಕೊಂಡು ಸದ್ದಿನ ಕಡೆ ಓಡಿದಳು. ಚೀಲಕ್ಕೆ ಒರಗಿ ಕಲ್ಲವ್ವ ಕೂತಿದ್ದಳು, ತುಟಿ ನೀಲಿಯಾಗಿತ್ತು, ಕಣ್ಣು ಅರ್ಧ ತೆರೆದಿತ್ತು. ಬಾಯಿಂದ ಒಂದು ಸದ್ದೂ ಇರಲಿಲ್ಲ. ಅವಳ ಕೊರಳಲ್ಲಿ ಅವ್ವ ಬಿಡದೆ ಕೆಮ್ಮುತ್ತಿದ್ದಳು. ಹೆಂಗಸರು ಅವಳನ್ನೆತ್ತಿ ಚೀಲ ಸಾಗಿಸುವ ತಳ್ಳುಗಾಡಿಯ ಮೇಲೆ ಮಲಗಿಸಿ ಆಸ್ಪತ್ರೆಯ ಕಡೆ ಓಡಿದರು. ಚಿಗವ್ವ ಗಾಡಿಯ ಪಕ್ಕ ಓಡುತ್ತ, ಕಲ್ಲವ್ವನಿಗೋ ಅವ್ವನಿಗೋ, ‘ಉಸುರ ಬಿಡಬ್ಯಾಡ, ಉಸುರ ಬಿಡಬ್ಯಾಡ’ ಎನ್ನುತ್ತಿದ್ದಳು. ಕೆಮ್ಮು ಬೀದಿಯುದ್ದಕ್ಕೂ ಕೇಳುತ್ತ ಹೋಯಿತು. ಅಂಗಡಿಯವರು ಹೊರಗೆ ಬಂದು ನಿಂತರು. ದಾರಿ ತಾನೇ ತೆರವಾಯಿತು.

ಕಲ್ಲವ್ವ ಬದುಕಿದಳು. ಅವಳ ಪಂಪು ಉಪ್ಪಿನ ಭರಣಿಯಲ್ಲಿತ್ತಂತೆ.

ಅದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನಾನು ಗಾಡಿಯ ಹಿಂದೆ ಓಡಲಿಲ್ಲ. ಓಡಬೇಕಿತ್ತು, ಅದು ನನ್ನ ಕೆಲಸವಾಗಿತ್ತು. ಕೆಮ್ಮು ಕೇಳಿದ ಕೂಡಲೇ ನಾನು ಹರವಿಯಿಂದ ತಂಬಿಗೆ ತುಂಬಿಕೊಂಡಿದ್ದೆ. ಅಂಗಳ ಖಾಲಿಯಾದ ಮೇಲೂ ಚಿಗವ್ವನ ಮಗ್ಗುಲಿನ ಆ ಜಾಗದ ಮುಂದೆ ತಂಬಿಗೆ ಹಿಡಿದು ನಿಂತೇ ಇದ್ದೆ. ದೂರದಲ್ಲಿ ಅವ್ವ ಕೆಮ್ಮುವುದು ನಿಂತಿತು. ಇನ್ನೇನು ನೀರು ಕುಡಿದು ನನ್ನ ಹೆಸರು ಹಿಡಿದು ಕರೆಯುತ್ತಾಳೆ ಎಂದು ಕಾದೆ.